ಆ ದಿನ ಹಕ್ಕಿ ಇರಲಿಲ್ಲ

ಭಾಲ್ಕಿಯ ಬಸ್ ನಿಲ್ದಾಣದ ಹಿಂದಿನ ಗೋದಾಮಿನಲ್ಲಿ ಮೊದಲ ಡ್ರಮ್ಮಿನ ಮುಚ್ಚಳ ತೆಗೆಸಿದಾಗ ನಾನು ಹೊರಗೆ ಓಡಿಹೋಗಿ ವಾಂತಿ ಮಾಡಿಕೊಂಡೆ. ಕಾಲೇಜಿನಲ್ಲಿ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸಿದವಳು ನಾನು; ಅಮೋನಿಯಾಕ್ಕಾಗಲಿ ಗಂಧಕದ ಹೊಗೆಗಾಗಲಿ ಮೂಗು ಮುಚ್ಚಿದವಳಲ್ಲ. ಇದು ಬೇರೆ. ಹತ್ತಾರು ಸಲ ಕಾದು ಕಪ್ಪಾದ ಎಣ್ಣೆ, ಅದರೊಳಗೆ ಕೊಳೆತ ಕಡಲೆಹಿಟ್ಟು, ಮೇಲೆ ತೇಲುವ ಜಿರಳೆ, ತಳದಲ್ಲಿ ಒಂದು ಇಲಿ. ಈ ಎಣ್ಣೆಯಿಂದ ವಿಮಾನ ಹಾರಿಸಬೇಕಾಗಿತ್ತು.

ಬೀದರ್ ಊರಾಚೆ ತಗಡಿನ ಶೆಡ್ಡೊಂದರಲ್ಲಿ ನಮ್ಮ ಕಂಪನಿ ಇತ್ತು. ಅಲ್ಲಿ ತಯಾರಾಗುತ್ತಿದ್ದದ್ದು ಪೈಲಟ್ ಇಲ್ಲದ ವಿಮಾನಕ್ಕೆ ಕೂರಿಸುವ ಪುಟ್ಟ ಜೆಟ್ ಎಂಜಿನ್. ಉದ್ದ ನನ್ನ ಮೊಣಕೈಯಿಂದ ಬೆರಳತುದಿಯವರೆಗೆ, ಅಷ್ಟೇ. ಓಡುವಾಗ ಅದರ ದಂಡ ನಿಮಿಷಕ್ಕೆ ಲಕ್ಷದ ಹತ್ತಿರ ಸುತ್ತು ತಿರುಗುತ್ತಿತ್ತು. ಸೀಮೆಎಣ್ಣೆಯಲ್ಲಿ ಇಂಥ ಎಂಜಿನ್ ಓಡಿಸುವುದು ಹೊಸತೇನಲ್ಲ. ಹೋಟೆಲುಗಳು ಚೆಲ್ಲುವ ಎಣ್ಣೆಯಿಂದ ಮಾಡಿದ ಇಂಧನದಲ್ಲಿ ಓಡಿಸುವುದು ನಮ್ಮ ಕೆಲಸ. ಇಂಧನದ ಹೊಣೆ ನನ್ನದು. ಎಂಜಿನ್ನಿನದು ವಾಯುಪಡೆಯಲ್ಲಿ ಇಪ್ಪತ್ತು ವರ್ಷ ದುಡಿದು ನಿವೃತ್ತರಾಗಿದ್ದ ಫಿಟ್ಟರ್ ಒಬ್ಬರದು. ಬೀದರ್ ಹಳೇ ಊರಿನವರು, ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದೆವು. ಇಬ್ಬರ ಮೇಲೂ ಮುಖ್ಯಸ್ಥರು. ಹೊರದೇಶದಲ್ಲಿ ಓದಿ ಬಂದವರು, ಮೆದುಮಾತಿನವರು. ಅವರು ಸಿಟ್ಟಾದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಅದೇ ನನಗೆ ಮುಂದೆ ಹೇಸಿಗೆ ಹುಟ್ಟಿಸಿದ್ದು.

ಎಣ್ಣೆ ಕೂಡಿಸಿ ತರುತ್ತಿದ್ದವನು ಹಲಬರ್ಗಾದವನು. ಭಾಲ್ಕಿಯ ಭಜಿ ಅಂಗಡಿ, ಖಾನಾವಳಿ, ಮದುವೆ ಮಂಟಪ ಎಲ್ಲ ಸುತ್ತಿ ತನ್ನ ಟಂಟಂ ಆಟೋದಲ್ಲಿ ಡ್ರಮ್ಮು ತುಂಬಿಸಿಕೊಂಡು ಬರುತ್ತಿದ್ದ. ಅದನ್ನು ಮೊದಲು ಬಟ್ಟೆಯಲ್ಲಿ ಸೋಸಬೇಕು. ಆಮೇಲೆ ಕಾಯಿಸಿ ನೀರಿನಂಶ ಹೋಗಲಾಡಿಸಬೇಕು. ಎಷ್ಟು ಹುಳಿಯಾಗಿದೆ ಎಂದು ಅಳೆದು, ಮೆಥನಾಲ್ ಮತ್ತು ಕಾಸ್ಟಿಕ್ ಬೆರೆಸಿ ಕಲಕಿ ಬಿಟ್ಟರೆ ರಾತ್ರಿ ಕಳೆಯುವುದರೊಳಗೆ ಎರಡು ಪದರ ಆಗುತ್ತದೆ. ಕೆಳಗಿನದು ಕಂದು ಬಣ್ಣದ, ಮೂಗಿಗೆ ಅಂಟಿಕೊಳ್ಳುವ ವಾಸನೆಯ ಗ್ಲಿಸರಿನ್ ಲೋಳೆ. ಮೇಲಿನದು ನಮ್ಮ ಇಂಧನ. ಅದನ್ನು ನೀರಿನಲ್ಲಿ ತೊಳೆದು ಒಣಗಿಸಿದರೆ ತಿಳಿಯಾದ ಜೇನಿನ ಬಣ್ಣ. ಆ ಬಣ್ಣ ಕಂಡಾಗ ಮಾತ್ರ ನನಗೆ ಆ ಕೆಲಸ ಇಷ್ಟವಾಗುತ್ತಿತ್ತು. ಮಿಕ್ಕ ಹೊತ್ತೆಲ್ಲ ಅಸಹ್ಯ. ಕೂದಲಲ್ಲಿ, ಉಗುರಿನ ಸಂದಿಯಲ್ಲಿ, ಊಟದ ಡಬ್ಬಿಯ ಮುಚ್ಚಳದಲ್ಲಿ ಅದೇ ಕಮಟು. ಮನೆಗೆ ಹೋದರೆ ಅತ್ತೆ ಹೊಸ್ತಿಲಲ್ಲೇ ನಿಲ್ಲಿಸಿ, ಮೊದಲು ಬಚ್ಚಲಿಗೆ ಹೋಗು ಎನ್ನುತ್ತಿದ್ದರು.

ಎಂಜಿನ್ ಕೂಡ ಅದನ್ನು ಸುಲಭಕ್ಕೆ ಒಪ್ಪಲಿಲ್ಲ. ನಮ್ಮ ಇಂಧನ ಸೀಮೆಎಣ್ಣೆಗಿಂತ ಮಂದ, ತಣ್ಣಗಿದ್ದಾಗ ಸರಿಯಾಗಿ ಆವಿಯಾಗುವುದಿಲ್ಲ. ಮೊದಲ ಓಟದಲ್ಲಿ ಬಾಲದಿಂದ ಮೊಳದುದ್ದ ಬೆಂಕಿ ಬಂತು. ಎರಡನೆಯದರಲ್ಲಿ ರಬ್ಬರ್ ರಿಂಗುಗಳು ನೆನೆದ ಕಡಲೆಯಂತೆ ಉಬ್ಬಿ ಇಂಧನ ಸೋರಿತು. ಬೇರೆ ಜಾತಿಯ ರಬ್ಬರಿನವನ್ನು ತರಿಸಿದೆವು. ಮೂರನೆಯದು ಇಪ್ಪತ್ತು ನಿಮಿಷಕ್ಕೆ ತಾನೇ ಆರಿತು. ಬಿಚ್ಚಿ ನೋಡಿದರೆ ಇಂಧನ ಆವಿಯಾಗಿಸುವ ಸಣ್ಣ ಕೊಳವೆಗಳ ಒಳಗೆಲ್ಲ ಇದ್ದಿಲು. ಕಾಕಾ ಅದನ್ನು ಸೂಜಿಯಲ್ಲಿ ಕೆರೆದು ಅಂಗೈಗೆ ಹಾಕಿಕೊಂಡು ತೋರಿಸಿದರು. ಅವರೇ ಒಂದು ದಾರಿ ಹುಡುಕಿದರು. ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ಹೊತ್ತಿಸಿ, ಪೂರ್ತಿ ಕಾದ ಮೇಲೆ ನಮ್ಮ ಇಂಧನಕ್ಕೆ ತಿರುಗಿಸುವುದು. ನಿಲ್ಲಿಸುವ ಮುಂಚೆ ಮತ್ತೆ ಸೀಮೆಎಣ್ಣೆಗೆ ಬಂದು ಕೊಳವೆ ತೊಳೆಯುವುದು. ವಿಮಾನದಲ್ಲಿ ಅದಕ್ಕಾಗಿ ಎರಡು ಟ್ಯಾಂಕು, ನಡುವೆ ಒಂದು ವಾಲ್ವು. ಮುಖ್ಯ ಟ್ಯಾಂಕಿನಲ್ಲಿ ಮುಕ್ಕಾಲು ಪಾಲು ನಮ್ಮ ಇಂಧನ, ಕಾಲು ಪಾಲು ಸೀಮೆಎಣ್ಣೆ. ದಸರಾ ಹೊತ್ತಿಗೆ ಎಂಜಿನ್ ಬೆಂಚಿನ ಮೇಲೆ ಒಂದು ತಾಸು ನಿಲ್ಲದೆ ಓಡಿತು. ಶೆಡ್ಡಿನ ತುಂಬ ಮಿರ್ಚಿ ಭಜಿ ಕರಿದ ವಾಸನೆ. ಅಂದು ಮಾತ್ರ ಅದು ನನಗೆ ಹಿತವಾಗಿತ್ತು.

ಅಲ್ಲಿಂದ ಮುಖ್ಯಸ್ಥರಿಗೆ ಅವಸರ ಶುರುವಾಯಿತು. ಮುಂದಿನ ಹಂತಕ್ಕೆ ಒಪ್ಪಿಗೆ ಕೊಡಬೇಕಾದ ಪರಿಶೀಲನಾ ಸಮಿತಿಯವರು ಜನವರಿ ಕೊನೆಗೆ ಬರುವವರಿದ್ದರು. ಅಷ್ಟರೊಳಗೆ ಹಾರಾಟ ಆಗಬೇಕು, ಅದಕ್ಕೆ ಇಂಧನ ಹೆಚ್ಚು ಬೇಕು. ಡಿಸೆಂಬರಿನಲ್ಲಿ ಬಂದ ಡ್ರಮ್ಮುಗಳನ್ನು ನಾನು ಎಂದಿನಂತೆ ಪರೀಕ್ಷೆ ಮಾಡಿದೆ. ಹುಳಿ, ನೀರಿನಂಶ, ಸಾಂದ್ರತೆ ಎಲ್ಲ ಸರಿಯಿದ್ದವು. ಹಾರಾಟಕ್ಕೆ ಸರಿಯಿದೆ ಎನ್ನುವ ಇಂಧನ ಪತ್ರಕ್ಕೆ ಸಹಿ ಹಾಕಿದೆ. ಚಳಿಯಲ್ಲಿ ಅದು ಹೇಗಿರುತ್ತದೆಂದು ನೋಡಲಿಲ್ಲ. ಬೀದರ್ ಜಿಲ್ಲೆಯಲ್ಲಿ ಬಿಸಿಲಿನ ಚಿಂತೆ ಮಾಡಿಯೇ ಬೆಳೆದವಳು ನಾನು. ಚಳಿ ನನ್ನ ಲೆಕ್ಕಕ್ಕೇ ಬರಲಿಲ್ಲ.

ಔರಾದ್ ಕಡೆ ಕಪ್ಪು ಮಣ್ಣು ಮುಗಿದು ಕೆಂಪು ಗರಸು ಶುರುವಾಗುವಲ್ಲಿ ಒಂದು ಬಯಲನ್ನು ಹಾರಾಟಕ್ಕೆಂದು ಹಿಡಿದಿದ್ದೆವು. ಸುತ್ತ ತೊಗರಿ ಹೊಲ. ಹಿಂದಿನ ಸಂಜೆಯೇ ಟ್ಯಾಂಕು ತುಂಬಿಸಿ ವಿಮಾನವನ್ನು ತಾಡಪತ್ರಿಯ ಕೆಳಗೆ ಇಟ್ಟಿದ್ದೆವು. ಬೆಳಿಗ್ಗೆ ಸೂರ್ಯ ಮೂಡುವ ಹೊತ್ತಿಗೆ ಉಸಿರು ಹೊಗೆಯಾಗುವಷ್ಟು ಚಳಿ. ಕಾಕಾ ಎಂಜಿನ್ ಹೊತ್ತಿಸಿದರು, ಕಾಯಿಸಿದರು, ವಾಲ್ವು ತಿರುಗಿಸಿದರು. ವಿಮಾನ ಗರಸಿನ ಮೇಲೆ ಓಡಿ ಎದ್ದಿತು. ಒಂದು ಸುತ್ತು ಹಾಕಿತು. ಎರಡನೇ ಸುತ್ತಿನ ತಿರುವಿನಲ್ಲಿ ಸದ್ದು ಸಣ್ಣದಾಗುತ್ತಾ ಬಂದು ನಿಂತೇ ಹೋಯಿತು. ವಿಮಾನ ಮೂಗು ಕೆಳಗೆ ಮಾಡಿ ತೊಗರಿ ಹೊಲದ ಆಚೆ ಇಳಿಯಿತು.

ಓಡಿದೆವು. ತೊಗರಿ ದಾಟಿದರೆ ಬೀಳುಭೂಮಿ, ಅಲ್ಲಿ ಕುರಿಗಳು ದಿಕ್ಕಾಪಾಲಾಗಿ ಚೆದುರಿದ್ದವು. ಮುರಿದ ರೆಕ್ಕೆಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಕಂಬಳಿ ಹೊದ್ದ ಹೆಂಗಸೊಬ್ಬಳು ನೆಲಕ್ಕೆ ಕೂತಿದ್ದಳು. ಅರವತ್ತು ದಾಟಿದವಳು. ಕಂಬಳಿಯ ಮೇಲೆ, ಕೆನ್ನೆಯ ಮೇಲೆ ನಮ್ಮ ಇಂಧನ ಸಿಡಿದಿತ್ತು. ಬೆಂಕಿ ಹತ್ತಿರಲಿಲ್ಲ. ನಾನು ನನ್ನ ದುಪಟ್ಟಾದಿಂದ ಅವಳ ಮುಖ ಒರೆಸಿದೆ. ಪೆಟ್ಟು ಬಿದ್ದಿದೆಯೇ ಎಂದು ಕೇಳಿದೆ. ಅವಳು ನನ್ನ ಮುಖ ನೋಡದೆ ಕುರಿಗಳನ್ನೇ ಎಣಿಸುತ್ತಿದ್ದಳು. ಎಣಿಸಿ ಮುಗಿದ ಮೇಲೆ ಮಾತಾಡಿದಳು.

"ನಾ ನೋಡ್ಲತ್ತಿದ್ದೆ, ಯವ್ವಾ. ಆವಾಜ್ ಬಂದ್ ಆಯ್ತು. ಆಮ್ಯಾಲ ಬಿತ್ತು. ನನ್ನ ಮ್ಯಾಲೇ ಬರ್ತದ ಅಂದ್ಕೊಂಡೆ."

ಶೆಡ್ಡಿಗೆ ಮರಳಿ ಕಾಕಾ ಫಿಲ್ಟರ್ ಬಿಚ್ಚಿದರು. ಜಾಲರಿಯ ಮೇಲೆ ಬೆಳ್ಳಗಿನ ಮೇಣದಂಥದ್ದು ದಪ್ಪಗೆ ಕೂತಿತ್ತು. ಕೋಣೆಯ ಶಾಖಕ್ಕೆ ಕರಗಲು ಶುರುವಾಗಿದ್ದನ್ನು ಕಂಡು, ಅರ್ಧದಷ್ಟನ್ನು ಕೂಡಲೇ ಗಾಜಿನ ಶೀಶೆಗೆ ಹಾಕಿ ಫ್ರಿಜ್ಜಿನಲ್ಲಿಟ್ಟೆ. ಉಳಿದದ್ದನ್ನು ಕಾಕಾ ಬೆರಳಲ್ಲಿ ತಿಕ್ಕಿ ಮೂಸಿ, ನನ್ನ ಕಡೆ ತಿರುಗಿದರು. ನನ್ನ ಕೊರಳಿನ ಲಿಂಗದ ದಾರ ಅವರ ಕಣ್ಣಿಗೆ ಬಿದ್ದಿತ್ತೆಂದು ಕಾಣುತ್ತದೆ.

"ಮೇಡಮ್, ನಿಮಗ ಗುರುತ ಹತ್ತಂಗಿಲ್ಲ. ಇದು ಚರ್ಬಿ ಅದ."

ಪ್ರಾಣಿಯ ಕೊಬ್ಬು. ನಾನು ಎದ್ದುಹೋಗಿ ಕೈ ತೊಳೆದೆ. ಮತ್ತೆ ತೊಳೆದೆ. ಮೂರು ವಾರ ಆ ಎಣ್ಣೆಯಲ್ಲಿ ಮೊಣಕೈವರೆಗೆ ಕೈಯಾಡಿಸಿದ್ದೆ. ಆಮೇಲೆ ಬಂದು ಹಳೆಯ ಇಂಧನದ ಮಾದರಿ, ಹೊಸತರ ಮಾದರಿ ಎರಡನ್ನೂ ಮಂಜುಗಡ್ಡೆ ಹಾಕಿದ ಪಾತ್ರೆಯಲ್ಲಿಟ್ಟು ಥರ್ಮಾಮೀಟರ್ ಇಳಿಬಿಟ್ಟು ಕೂತೆ. ಹಳೆಯದು ಕೈ ಕೊರೆಯುವಷ್ಟು ತಣ್ಣಗಾದರೂ ತಿಳಿಯಾಗೇ ಇತ್ತು. ಹೊಸತು ಔರಾದಿನ ಆ ಬೆಳಗಿನಷ್ಟು ತಣ್ಣಗಾಗುವ ಮುಂಚೆಯೇ ಮಬ್ಬಾಗಿ, ತುಪ್ಪದಂತೆ ಹರಳುಗಟ್ಟಿತು.

ಹಲಬರ್ಗಾದವನನ್ನು ಕೇಳಿದಾಗ ಅವನು ಮುಚ್ಚಿಡಲಿಲ್ಲ. ಭಜಿ ಅಂಗಡಿಗಳಿಂದ ಅಷ್ಟು ಎಣ್ಣೆ ಹುಟ್ಟುವುದಿಲ್ಲವೆಂದು ಅವನು ಮುಖ್ಯಸ್ಥರಿಗೆ ಮೊದಲೇ ಹೇಳಿದ್ದನಂತೆ. ಕಸಾಯಿ ಅಂಗಡಿಗಳ ಚರ್ಬಿ ಸಿಗುತ್ತದೆ, ಬೇರೆ ಡ್ರಮ್ಮಿನಲ್ಲಿ ತರಲೇ ಎಂದು ಕೇಳಿದ್ದನಂತೆ.

"ಬ್ಯಾರೆ ಬ್ಯಾಡ, ಕೂಡಿಸೇ ತಾ ಅಂದ್ರು, ಮೇಡಮ್ರಿ. ಮೇಡಮ್‍ಗ ಹೇಳ್ಬ್ಯಾಡ, ಅವರು ಸೋವಳ ಮಂದಿ ಅಂದ್ರು."

ಕೇಳಿ ನನಗಾದ ಅಸಹ್ಯ ಚರ್ಬಿಯದಲ್ಲ. ಚರ್ಬಿಯಿಂದಲೂ ಇಂಧನ ಆಗುತ್ತದೆ; ಚರ್ಬಿ ಎಂದು ಗೊತ್ತಿದ್ದರೆ ಅದಕ್ಕೆ ಬೇರೆ ಕ್ರಮವಿದೆ, ಮನಸ್ಸು ಗಟ್ಟಿ ಮಾಡಿಕೊಂಡು ನಾನೇ ಮಾಡುತ್ತಿದ್ದೆ. ನನ್ನ ಮಡಿಯ ನೆಪ ಮಾಡಿ, ನನ್ನ ಸಹಿಯ ಕೆಳಗೆ ಗೊತ್ತಿಲ್ಲದ್ದನ್ನು ತುಂಬಿಸಿದ್ದರಲ್ಲ, ಅದು.

ಮುಖ್ಯಸ್ಥರು ನನ್ನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿದರು. ಚಹಾ ತರಿಸಿದರು. ಆಮೇಲೆ ಟೈಪು ಮಾಡಿದ ಎರಡು ಹಾಳೆ ಮುಂದಿಟ್ಟರು. ಅಪಘಾತದ ವರದಿ. ಹಕ್ಕಿ ಬಡಿದು ಎಂಜಿನ್ ನಿಂತಿತು, ವಿಮಾನ ಜನರಿಲ್ಲದ ಬಯಲಲ್ಲಿ ಬಿದ್ದಿತು ಎಂದಿತ್ತು. ಕೆಳಗೆ ಅವರ ಸಹಿ, ಅದರ ಪಕ್ಕದಲ್ಲಿ ನನ್ನ ಸಹಿಗೆ ಜಾಗ.

ಹಾರುವಾಗ ವಿಮಾನ ಕಳಿಸಿದ್ದ, ಪರದೆಯ ಮೇಲಿನ ಅಂಕಿಗಳು ಬೇರೆಯೇ ಹೇಳುತ್ತಿದ್ದವು. ಎಂಜಿನ್ ನಿಲ್ಲುವ ಮುಂಚಿನ ಮುಕ್ಕಾಲು ನಿಮಿಷ ಪಂಪು ಹೆಚ್ಚು ಹೆಚ್ಚು ಜೋರಾಗಿ ಎಳೆಯುತ್ತಿತ್ತು, ಎಂಜಿನ್ನಿನ ಸುತ್ತು ಕಡಿಮೆಯಾಗುತ್ತಿತ್ತು. ದಾರಿ ಕಟ್ಟಿದರೆ ಹೀಗಾಗುತ್ತದೆ. ಹಕ್ಕಿ ಬಡಿದರೆ ಒಂದೇ ಏಟು, ಒಂದು ಅದುರು, ಮುಗಿಯಿತು. ಅದನ್ನು ಹೇಳಿದೆ. ಅವರು ನಕ್ಕರು.

"ಮೇಡಮ್, ಇಂಧನ ಪತ್ರಕ್ಕೆ ಸಹಿ ನಿಮ್ಮದೇ ಇದೆ. ಹಕ್ಕಿ ಇದ್ದರೆ ನಿಮಗೂ ಒಳ್ಳೇದು."

ಮನೆಗೆ ಹೋಗಿ ಎರಡು ದಿನ ಆ ಹಾಳೆಗಳನ್ನು ಚೀಲದಲ್ಲೇ ಇಟ್ಟುಕೊಂಡಿದ್ದೆ. ಸಹಿ ಹಾಕಬಾರದೆಂದು ಕೂಡಲೇ ನಿರ್ಧರಿಸಿದೆ ಎಂದರೆ ಸುಳ್ಳಾಗುತ್ತದೆ. ಒಮ್ಮೆ ಪೆನ್ನು ಕೂಡ ತೆಗೆದೆ. ಚಳಿಯ ಪರೀಕ್ಷೆ ಮಾಡದ ತಪ್ಪು ನನ್ನದೇ ಆಗಿತ್ತು, ಹಕ್ಕಿ ಅದನ್ನೂ ಹೊತ್ತುಕೊಂಡು ಹೋಗುತ್ತಿತ್ತು. ಆ ಆಸೆ ನನ್ನೊಳಗೂ ಇದೆಯೆಂದು ತಿಳಿದಾಗ ನನ್ನ ಮೇಲೇ ನನಗೆ ಅಸಹ್ಯವಾಯಿತು. ಮೂರನೇ ದಿನ ಔರಾದ್ ಬಸ್ಸು ಹತ್ತಿದೆ.

ಕುರಿಗಾಹಿ ಹೆಂಗಸು ಸಿಕ್ಕಿದ್ದು ಮಧ್ಯಾಹ್ನದ ಮೇಲೆ, ಹಳ್ಳದ ದಂಡೆಯಲ್ಲಿ. ಕಂಬಳಿ ಒಗೆದರೂ ವಾಸನೆ ಹೋಗಿಲ್ಲವೆಂದಳು. ಕಂಪನಿಯ ಒಬ್ಬರು ಬಂದು ಅದು ಆಟಿಕೆ ವಿಮಾನ, ಯಾರ ಮುಂದೂ ಹೇಳಬೇಡ ಎಂದು ಹೋಗಿದ್ದರಂತೆ. ನಾನು ಅವಳ ಪಕ್ಕ ಕಲ್ಲಿನ ಮೇಲೆ ಕೂತು, ಬಿದ್ದದ್ದು ಆಟಿಕೆಯಲ್ಲ, ಅದರ ಎಣ್ಣೆ ಕೆಟ್ಟಿತ್ತು, ನೋಡಿ ಬಿಡಬೇಕಾದವಳು ನಾನೇ ಎಂದು ಹೇಳಿದೆ. ಅವಳು ಬಯ್ಯುತ್ತಾಳೆಂದುಕೊಂಡಿದ್ದೆ. ಅವಳು ಎದ್ದು, ದಂಡೆ ಇಳಿಯುತ್ತಿದ್ದ ಕುರಿಯೊಂದನ್ನು ತಿರುಗಿಸಿ ಬಂದು ಕೂತಳು.

"ಆ ದಿನ ಹಕ್ಕಿ ಬಂದಿತ್ತೇನು, ಆಯಿ?" ಎಂದು ಕೊನೆಗೆ ಕೇಳಿದೆ.

"ಹಕ್ಕಿ ಎಲ್ಲೀದು? ಮುಗಿಲು ಖಾಲಿ ಇತ್ತು. ಅಂಥಾ ಆವಾಜಿಗಿ ಯಾವ ಹಕ್ಕಿ ನಿಲ್ತದ?" ಎಂದಳು. ಆಮೇಲೆ, "ಮತ್ತ ಹಾರಿಸ್ತೀರೇನು? ಹಾರಿಸೋದಿದ್ರ ಮೊದ್ಲ ಹೇಳ್ರಿ. ನಾ ಕುರಿ ಹೊಡ್ಕೊಂಡು ಆ ಕಡಿ ಹೋಗ್ತೇನಿ" ಎಂದಳು.

ಅವಳು ಕೇಳಿದ್ದು ಇಷ್ಟೇ. ನಾನು ಅವಳ ಮಾತನ್ನು ಹಾಗೇ ಬರೆದುಕೊಂಡು ಓದಿ ಹೇಳಿದೆ. ಹೆಬ್ಬೆಟ್ಟು ಒತ್ತಿದಳು.

ಹಕ್ಕಿಯ ವರದಿಯನ್ನು ನಾನು ಸಹಿ ಹಾಕದೆ ಮರಳಿಸಿದೆ; ಮುಖ್ಯಸ್ಥರು ತಮ್ಮೊಬ್ಬರ ಸಹಿಯಲ್ಲೇ ಅದನ್ನು ಸಮಿತಿಗೆ ಕಳಿಸಿದ್ದರು. ಸಮಿತಿ ಬರುವ ದಿನಕ್ಕೆ ಎರಡನೇ ವಿಮಾನ ಸಿದ್ಧವಾಗಿತ್ತು. ಔರಾದಿನ ಬಯಲಲ್ಲಿ ಶಾಮಿಯಾನ ಹಾಕಿಸಿದ್ದರು, ಉಪ್ಪಿಟ್ಟು ಸಿರಾ ಮಾಡಿಸಿದ್ದರು. ಬೆಳಿಗ್ಗೆ ಮುಖ್ಯಸ್ಥರು ನನ್ನನ್ನು ವಿಮಾನದ ಹಿಂದಕ್ಕೆ ಕರೆದು ಮೆಲ್ಲಗೆ ಹೇಳಿದರು: ಎರಡೂ ಟ್ಯಾಂಕಿಗೆ ಸೀಮೆಎಣ್ಣೆಯನ್ನೇ ಹಾಕಿಸಿದ್ದೇನೆ, ಮುಖ್ಯ ಟ್ಯಾಂಕಿಗೆ ನಮ್ಮ ಇಂಧನ ಒಂದು ಲೋಟ ಬೆರೆಸಿದ್ದೇನೆ, ಭಜಿಯ ವಾಸನೆ ಬಂದರೆ ಸಾಕು. ಅತಿಥಿಗಳಿಗೆ ಆ ವಾಸನೆ ಬಹಳ ಹಿಡಿಸುತ್ತದೆ ಎಂದರು. ಪತ್ರದಲ್ಲಿ ಎಂದಿನಂತೆ ಮುಕ್ಕಾಲು ಪಾಲು ಎಂದು ಬರೆಯಿರಿ ಎಂದರು. ಹೇಳುವಾಗ ನನ್ನ ಭುಜದ ಮೇಲೆ ಬಿದ್ದಿದ್ದ ಒಣ ಎಲೆಯನ್ನು ತೆಗೆದು ಹಾಕಿದರು.

ಕಾಕಾ ಬ್ಯಾಟರಿಯ ತಂತಿ ಕೈಯಲ್ಲಿ ಹಿಡಿದು ನಿಂತಿದ್ದರು. ಇಂಧನ ಪತ್ರ ಓದದೆ ತಂತಿ ಜೋಡಿಸುವುದು ಅವರ ಜೀವಮಾನದಲ್ಲಿಲ್ಲ. ನಾನು ಪತ್ರ ತೆಗೆದು, ಮುಖ್ಯ ಟ್ಯಾಂಕು ಎಂಬುದರ ಎದುರು "ಸೀಮೆಎಣ್ಣೆ, ವಾಸನೆಗಾಗಿ ಒಂದು ಲೋಟ ನಮ್ಮ ಇಂಧನ" ಎಂದು ಬರೆದೆ. ಸಹಿ ಹಾಕಿದೆ. ಕಾಕಾ ಓದಿದರು. ತಂತಿಯನ್ನು ಸುತ್ತಿ ಪೆಟ್ಟಿಗೆಯೊಳಗಿಟ್ಟರು.

"ಹೋಗ್ರಿ. ನಾ ಇಲ್ಲೇ ಇರ್ತೇನಿ" ಎಂದರು.

ಶಾಮಿಯಾನದವರೆಗೆ ಐವತ್ತು ಹೆಜ್ಜೆ ನಡೆದೆ. ಸಮಿತಿಯ ಹಿರಿಯರ ಕೈಗೆ ಆ ಇಂಧನ ಪತ್ರ, ಕುರಿಗಾಹಿಯ ಹೆಬ್ಬೆಟ್ಟಿನ ಹಾಳೆ, ಪಂಪಿನ ಅಂಕಿಗಳು ಮೂರನ್ನೂ ಕೊಟ್ಟೆ. ಮಂಜುಗಡ್ಡೆಯ ಡಬ್ಬಿಯಿಂದ ಫಿಲ್ಟರಿನ ಮೇಣದ ಶೀಶೆ ತೆಗೆದು ಮೇಜಿನ ಮೇಲಿಟ್ಟೆ. ಅವರು ಸಿರಾದ ತಟ್ಟೆ ಬದಿಗೆ ಸರಿಸಿ ಎಲ್ಲವನ್ನೂ ಓದಿದರು, ಮೊದಲ ಹಾಳೆಗೆ ಮರಳಿ ಮತ್ತೊಮ್ಮೆ ಓದಿದರು. ಅಂದು ಬಿದ್ದ ವಿಮಾನದ ಇಂಧನಕ್ಕೆ ಸಹಿ ಯಾರದು ಎಂದು ಕೇಳಿದರು. ನನ್ನದೇ ಎಂದೆ.

"ಹಾಗಾದರೆ ತಪ್ಪು ನಿಮ್ಮದು."

"ಚಳಿಯಲ್ಲಿ ಪರೀಕ್ಷೆ ಮಾಡದೆ ಬಿಟ್ಟದ್ದು ನನ್ನದು. ಹಕ್ಕಿ ನನ್ನದಲ್ಲ" ಎಂದೆ.

ಮುಖ್ಯಸ್ಥರು ಅಷ್ಟರಲ್ಲಿ ಬಂದು ಪಕ್ಕದಲ್ಲಿ ನಿಂತಿದ್ದರು. ಅವರ ಮುಖದ ನಗು ಹೋಗಿರಲಿಲ್ಲ. ಏನೋ ತಪ್ಪು ತಿಳಿವಳಿಕೆಯಾಗಿದೆ, ಮೇಡಮ್ ಬಹಳ ದಣಿದಿದ್ದಾರೆ ಎಂದರು. ಹಿರಿಯರು ಹಾಳೆಗಳನ್ನು ಮಡಿಸಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಆ ದಿನ ವಿಮಾನ ಹಾರಲಿಲ್ಲ.

ಮರುದಿನದಿಂದ ಕೆಲಸಕ್ಕೆ ಬರಬೇಡಿ ಎಂದು ನನಗೆ ಫೋನು ಬಂತು. ಮುಖ್ಯಸ್ಥರದಲ್ಲ, ಬೇರೆ ಯಾರದೋ ದನಿ. ಯುಗಾದಿ ಕಳೆಯುವವರೆಗೆ ಮನೆಯಲ್ಲಿದ್ದೆ. ಅತ್ತೆ ಒಮ್ಮೆ, ಈಗ ನಿನ್ನ ಮೈ ವಾಸನಿ ಹೊಡಿಯಂಗಿಲ್ಲ ನೋಡು ಎಂದರು, ಸಮಾಧಾನಕ್ಕೆ. ಕಾಕಾ ಮಾತ್ರ ವಾರಕ್ಕೊಮ್ಮೆ ಬಂದು ಶೆಡ್ಡಿನ ಸುದ್ದಿ ಹೇಳುತ್ತಿದ್ದರು. ಕೊನೆಗೆ ಸಮಿತಿಯ ಪತ್ರ ಬಂತು. ಕೆಲಸ ಮುಂದುವರಿಯಬಹುದು, ಆದರೆ ಇಂಧನ ಪರೀಕ್ಷೆ ಮುಖ್ಯಸ್ಥರ ಕೈಕೆಳಗೆ ಇರಕೂಡದು, ಪರೀಕ್ಷಿಸಿದವರ ಸಹಿ ಇಲ್ಲದೆ ವಿಮಾನ ಎಬ್ಬಿಸಕೂಡದು ಎಂದಿತ್ತು. ಕಂಪನಿಯವರು ನನ್ನನ್ನು ವಾಪಸು ಕರೆದರು.

ಹೋದೆ. ಮುಖ್ಯಸ್ಥರು ಅದೇ ಕುರ್ಚಿಯಲ್ಲಿದ್ದರು. ಎದ್ದು ನಿಂತು ಬನ್ನಿ ಮೇಡಮ್ ಎಂದರು, ಏನೂ ಆಗಿಯೇ ಇಲ್ಲವೆಂಬಂತೆ. ಚಹಾ ತರಿಸಿದರು. ನಾನು ಲೋಟ ಮುಟ್ಟದೆ ಡ್ರಮ್ಮುಗಳ ಕಡೆ ಹೋದೆ.

ಮಳೆಗಾಲ ಪೂರ್ತಿ ಮೊದಲಿಂದ ಮಾಡಿದೆವು. ಹಲಬರ್ಗಾದವನು ಎಣ್ಣೆಯನ್ನೂ ಚರ್ಬಿಯನ್ನೂ ಬೇರೆ ಬೇರೆ ಡ್ರಮ್ಮಿನಲ್ಲಿ, ಮೇಲೆ ದೊಡ್ಡಕ್ಷರದಲ್ಲಿ ಬರೆದು ತಂದ. ತಯಾರಾದ ಇಂಧನವನ್ನು ಎರಡು ದಿನ ಮಂಜಿನ ಪೆಟ್ಟಿಗೆಯಲ್ಲಿ ತಣಿಸಿ, ಹರಳಾದದ್ದನ್ನು ಆ ಚಳಿಯಲ್ಲೇ ಸೋಸಿ ತೆಗೆದೆ. ಉಳಿದ ತಿಳಿಯನ್ನು ಮಾತ್ರ ಎಂಜಿನ್ನಿಗೆ ಕೊಟ್ಟೆ. ಮುಕ್ಕಾಲು ಪಾಲಿನ ಹಟ ಬಿಟ್ಟು ಮೂರರಲ್ಲೊಂದು ಪಾಲಿಗೆ ಇಳಿದೆವು. ಕಾಕಾ ಫಿಲ್ಟರಿನ ಪಕ್ಕ, ಎಂಜಿನ್ನಿನದೇ ಶಾಖಕ್ಕೆ ಬೆಚ್ಚಗಾಗುವಂತೆ ಇಂಧನದ ಕೊಳವೆಯನ್ನು ಒಂದು ಸುತ್ತು ಬಳಸಿ ಒಯ್ದರು. ಈ ಎಲ್ಲವನ್ನೂ ಮುಖ್ಯಸ್ಥರು ಹೈದರಾಬಾದಿನ ಒಂದು ಸಭೆಯಲ್ಲಿ ತಮ್ಮ ಚಳಿಗಾಲದ ಕ್ರಮ ಎಂದು ಚಿತ್ರ ತೋರಿಸಿ ವಿವರಿಸಿದರಂತೆ. ಚಪ್ಪಾಳೆ ಬಿತ್ತಂತೆ.

ಮುಂದಿನ ಚಳಿಗಾಲ ಔರಾದಿನಲ್ಲಿ ಮತ್ತೆ ವಿಮಾನ ಇಟ್ಟೆವು. ಹಾರಾಟಕ್ಕೆ ಎರಡು ದಿನ ಮುಂಚೆ ನಾನೇ ಹೋಗಿ ಕುರಿಗಾಹಿಗೆ ಹೇಳಿ ಬಂದಿದ್ದೆ. ಅವಳು ಹಳ್ಳದಾಚೆಗೆ ಹೋಗಿದ್ದಳು. ಹಿಂದಿನ ವರ್ಷದಂಥದೇ ಚಳಿ. ವಿಮಾನ ಹದಿನೆಂಟು ನಿಮಿಷ ಸುತ್ತಿತು. ನಾನು ಮುಗಿಲು ನೋಡಲಿಲ್ಲ. ಪಂಪಿನ ಅಂಕಿ ನೋಡುತ್ತ ಕೂತಿದ್ದೆ. ಅದು ಕೊನೆಯವರೆಗೂ ಅಲುಗಾಡಲಿಲ್ಲ. ಇಳಿದ ಮೇಲೆ ಮುಖ್ಯಸ್ಥರು ವಿಮಾನದ ಮುಂದೆ ನಿಂತು ಫೋಟೋ ತೆಗೆಸಿಕೊಂಡರು, ಬನ್ನಿ ಮೇಡಮ್ ಎಂದು ಕೈ ಚಾಚಿದರು. ಕೈಯೆಲ್ಲ ಎಣ್ಣೆಯಾಗಿದೆ ಎಂದೆ. ಆಗಿರಲಿಲ್ಲ.

ಅವರೆಲ್ಲ ಹೋದ ಮೇಲೆ ಕಾಕಾ ಎಂಜಿನ್ನಿನ ಪುಸ್ತಕ ತೆರೆದು ನನ್ನ ಮುಂದಿಟ್ಟರು. ಪ್ರತಿ ಓಟಕ್ಕೆ ಒಂದು ಸಾಲು, ಸಾಲಿನ ಕೊನೆಗೆ ಎಂಜಿನ್ ಯಾಕೆ ನಿಂತಿತು ಎಂದು ಬರೆಯುವ ಅಂಕಣ. ಎರಡು ವರ್ಷದ್ದೂ ಅವರದೇ ಅಕ್ಷರ: ಸೋರಿಕೆ, ಇದ್ದಿಲು, ತಾನೇ ಆರಿತು, ಮತ್ತೆ ಇದ್ದಿಲು, ಫಿಲ್ಟರ್ ಕಟ್ಟಿತು. ಪೆನ್ನನ್ನು ನನ್ನ ಕೈಗೆ ಕೊಟ್ಟರು. ನಾನು ಬರೆದೆ: ನಾವೇ ನಿಲ್ಲಿಸಿದೆವು.